ಏಣಿಗೂ ಕೊಡೆಗೂ ಒಂದೇ ದನಿ

ತನ್ನ ದನಿಯೇ ರಸ್ತೆಯ ತಿರುವು ದಾಟಿ ತನ್ನ ಕಡೆಗೆ ಬರುತ್ತಿದೆ ಎಂಬುದು ಗೊತ್ತಾದಾಗ ನಟರಾಜ ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತ ನಿಂತಿದ್ದ. ಟೀ ಲೋಟ ಹೋದ ವಾರಕ್ಕಿಂತ ಚಿಕ್ಕದಾಗಿತ್ತು. ರೇಟು ಏರಿಸಿದರೆ ಗಿರಾಕಿಗಳು ಜಗಳಕ್ಕೆ ಬರುತ್ತಾರೆ, ಲೋಟ ಬದಲಾಯಿಸಿದರೆ ಗೊಣಗಿ ಸುಮ್ಮನಾಗುತ್ತಾರೆ ಎಂದು ಹೋಟೆಲಿನವನು ಕಂಡುಕೊಂಡಿದ್ದ. ನಟರಾಜನೂ ಗೊಣಗಿ ಸುಮ್ಮನಾಗಿದ್ದ. ಅಷ್ಟರಲ್ಲಿ ಕಾಲೇಜು ರಸ್ತೆಯ ಕಡೆಯಿಂದ, ‘ತಾಯಂದಿರೇ, ಹೋದ ವರ್ಷ ಈರುಳ್ಳಿ ಹೆಚ್ಚುವ ಮೊದಲೇ, ಕೊಳ್ಳುವಾಗಲೇ ನಿಮ್ಮ ಕಣ್ಣಲ್ಲಿ ನೀರು ಬಂತಲ್ಲ, ಅದಕ್ಕೆ ಕಾರಣ ಯಾರು?’ ಎಂದು ಅವನ ದನಿ ಕೇಳಿತು. ಗಂಭೀರವಾದ ದನಿ, ತುಸು ನೋವು ಬೆರೆತದ್ದು, ತರಗತಿಯಲ್ಲಿ ಹಳಗನ್ನಡ ಓದುವಾಗ ಅವನು ತೆಗೆಯುವಂಥದ್ದೇ. ಆಟೋದ ನೆತ್ತಿಯ ಮೇಲೆ ಎರಡು ದಿಕ್ಕಿಗೆ ಬಾಯಿ ತೆರೆದ ಹಾರ್ನುಗಳು, ಬೆನ್ನಿಗೆ ಚುನಾವಣೆಯ ಗುರುತಾದ ಏಣಿಯ ಚಿತ್ರ. ‘ದೆಹಲಿಯಲ್ಲಿ ಕೂತವರು!’ ಎಂದು ಆಟೋ ತಾನೇ ಉತ್ತರ ಕೊಟ್ಟುಕೊಂಡಿತು. ಆಗಲೇ ಸೇತುವೆಯ ಕಡೆಯಿಂದ ಕೊಡೆಯ ಗುರುತಿನ ಆಟೋ ಬಂತು. ಭತ್ತದ ಲಾರಿಯೊಂದು ಹಿಂದಕ್ಕೆ ತಿರುಗಿಸಿಕೊಳ್ಳುತ್ತ ರಸ್ತೆಗೆ ಅಡ್ಡ ನಿಂತಿದ್ದರಿಂದ ಎರಡು ಆಟೋಗಳೂ ಎದುರುಬದುರು ಸಿಕ್ಕಿಕೊಂಡವು. ಕೊಡೆಯದರಲ್ಲೂ ಅದೇ ಈರುಳ್ಳಿ, ಅದೇ ಕಣ್ಣೀರು, ಅದೇ ದನಿ. ಉತ್ತರ ಮಾತ್ರ ‘ಬೆಂಗಳೂರಿನಲ್ಲಿ ಕೂತವರು!’ ಎಂದಿತ್ತು.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಹೂವು ಮಾರುವವಳು ಕತ್ತೆತ್ತಿ, ‘ಇದೇನ್ರವ್ವಾ, ಒಂದೇ ಗಂಟ್ಲು ಎಲ್ಡು ಕಡೆನೂ ಬಯ್ತಾ ಅದಲ್ಲ!’ ಎಂದಳು. ಅಷ್ಟು ಸಾಕಾಯಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಗತೊಡಗಿದರು. ಲಾರಿಯ ಕ್ಲೀನರ್ ಕೂಡ ಕೆಲಸ ಬಿಟ್ಟು ನಕ್ಕ. ಅವರ ನಡುವೆ ಎರಡನೇ ಬಿಎಯ ಮಧುಶ್ರೀ ಇದ್ದಳು. ನಟರಾಜನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುವ ಹುಡುಗಿ. ಅವಳು ನಗಲಿಲ್ಲ. ಅವನನ್ನು ನೋಡಿದಳು, ನೋಡಲೇ ಇಲ್ಲವೆಂಬಂತೆ ತಿರುಗಿ ಬಸ್ಸಿನ ಬೋರ್ಡು ಓದತೊಡಗಿದಳು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ತಾನು ಪಾಠ ಹೇಳುವ ಹುಡುಗಿ ಬೀದಿಯಲ್ಲಿ ನಿಂತು ತನ್ನ ಮಾನ ಕಾಯುವಂತಾಯಿತಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಲೋಟ ಕೆಳಗಿಟ್ಟು ಹೊರಡುವಷ್ಟರಲ್ಲಿ ಹೆಗಲ ಮೇಲೆ ಯಾರದೋ ಕೈ ಬಿತ್ತು. ಮರಿಯಯ್ಯ. ಅವನ ಊರಿನ ಮೇಲಿನ ಬೀದಿಯವರು, ಸಂಭಾವಿತರು, ಯಾರ ಮನಸ್ಸನ್ನೂ ಬೇಕೆಂದು ನೋಯಿಸಿದವರಲ್ಲ. ‘ಏನ್ಲಾ ನಟರಾಜ, ನಿಮ್ಮಪ್ಪ ನಿಂಗರಾಜು ತಮಟೆ ಬಡ್ಕಂಡು ಸಾರ್ತಿದ್ದ. ನೀನು ಎಂಎ ಮಾಡ್ಕಂಡು ಮೈಕಲ್ಲಿ ಸಾರ್ತಾ ಇದ್ದೀಯ. ಬುಡು, ಕಸುಬು ಕೈಬುಡ್ನಿಲ್ಲ ನೀನು’ ಎಂದು ಬಾಯ್ತುಂಬ ನಕ್ಕು, ಅವನು ಬೇಡಬೇಡವೆಂದರೂ ಕೇಳದೆ ಅವನ ಟೀಗೂ ತಾವೇ ದುಡ್ಡು ಕೊಟ್ಟರು. ಅದರಲ್ಲಿ ಕುಹಕವಿರಲಿಲ್ಲ, ಪ್ರೀತಿಯೇ ಇತ್ತು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಟೀ ಕೊಡಿಸಿದವರ ಹತ್ತಿರ ಏನು ಮಾತಾಡುವುದು?

ಶುರುವಾದದ್ದು ಹೀಗೆ. ನಟರಾಜ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ಗಂಟೆಗೆ ಇಷ್ಟು ಎಂಬ ಲೆಕ್ಕದ ಸಂಬಳ, ಅದೂ ಮಾರ್ಚಿನಲ್ಲೊಮ್ಮೆ ದೀಪಾವಳಿಗೊಮ್ಮೆ. ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ, ಹೊಸದಾಗಿ ಪ್ರಿನ್ಸಿಪಾಲರ ಬಾಗಿಲು. ಏಳು ಜೂನ್ ಕಳೆದಿದ್ದವು. ಚುನಾವಣೆ ಘೋಷಣೆಯಾದ ದಿನ ಚಾಮಯ್ಯ ಬಂದು ಕರೆದ. ಚಾಮಯ್ಯನದು ಮೈಕ್‌ಸೆಟ್ಟಿನ ಅಂಗಡಿ, ಒಳಗಿನ ಕೋಣೆಯ ಗೋಡೆಗೆ ಹಳೆಯ ರಗ್ಗುಗಳನ್ನು ಮೊಳೆ ಹೊಡೆದು ತೂಗುಹಾಕಿ ಅದನ್ನೇ ಸ್ಟುಡಿಯೋ ಎನ್ನುತ್ತಿದ್ದ. ಆ ರಗ್ಗುಗಳ ವಾಸನೆಯ ನಡುವೆ ಕೂತು ನಟರಾಜ ಮೊದಲು ಏಣಿಯ ಕ್ಯಾಸೆಟ್ಟಿಗೆ ಮಾತಾಡಿದ. ತಿರುಗಿ ಹಾಕಿ ಕೇಳಿಸಿದಾಗ ಅವನಿಗೆ ತನ್ನ ದನಿಯ ಮೇಲೆ ಮೋಹವೇ ಬಂತು. ಇಷ್ಟು ಒಳ್ಳೆಯ ದನಿ ಏಳು ವರ್ಷ ನಲವತ್ತು ಮಕ್ಕಳ ಮುಂದೆ ವ್ಯರ್ಥವಾಯಿತಲ್ಲ ಎಂದುಕೊಂಡ. ಮಾರನೆಯ ದಿನ ಚಾಮಯ್ಯ ಕೊಡೆಯವರ ಮಾತು ಬರೆದ ಹಾಳೆ ಮುಂದಿಟ್ಟಾಗ ಅವನು ಅನುಮಾನಿಸಿದ. ‘ನಂದು ಅಂಗ್ಡಿ ಕಣ್ ಮೇಷ್ಟ್ರೇ, ಪಾರ್ಟಿ ಅಲ್ಲ. ಮದ್ವೆಗೂ ಇದೇ ಮೈಕು, ತಿಥಿಗೂ ಇದೇ ಮೈಕು. ಮೈಕು ಏನಾರ ಬೇಜಾರ್ ಮಾಡ್ಕತ್ತದಾ?’ ಎಂದು ಚಾಮಯ್ಯ ಕೇಳಿದ್ದ. ನಟರಾಜನಿಗೆ ಅದು ನ್ಯಾಯವಾಗಿಯೇ ಕಂಡಿತ್ತು. ಹೆಸರಿಲ್ಲದ ದನಿ ಯಾರದೂ ಅಲ್ಲ ಎಂಬ ಧೈರ್ಯ. ಹೋಟೆಲಿನ ಮುಂದೆ ಆ ಧೈರ್ಯ ಇಷ್ಟು ಬೇಗ ಇಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅವನು ಈಗ ಹೋಗಬೇಕಾದದ್ದು ನಂಜನಗೂಡಿಗೆ. ಅಲ್ಲಿನ ರೈಸ್ ಮಿಲ್ಲಿನ ಬಸವಪ್ರಸಾದ್ ಬರಹೇಳಿದ್ದರು. ಏಣಿಯ ಪ್ರಚಾರವೆಲ್ಲ ಅವರ ಕೈಯಲ್ಲಿತ್ತು. ಅವರ ತಂದೆ ಕಟ್ಟಿಸಿದ ಪಿಯು ಕಾಲೇಜಿಗೆ ಅವರೇ ಕಾರ್ಯದರ್ಶಿ, ಆ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರ ಹುದ್ದೆ ಖಾಲಿಯಿತ್ತು. ಖಾಯಂ ಹುದ್ದೆ. ‘ಕೆಲ್ಸದ ವಿಚಾರನೇ ಇರ್ಬೇಕು, ಒಳ್ಳೆ ಶರ್ಟ್ ಹಾಕ್ಕೊಂಡು ಹೋಗಿ’ ಎಂದು ಚಾಮಯ್ಯ ಹೇಳಿದ್ದನ್ನು ಮನೆಯಲ್ಲಿ ಹೆಂಡತಿ ಪುಷ್ಪಲತಾಗೆ ಹೇಳಿದಾಗ ಅವಳು ಶರ್ಟನ್ನು ತಾನೇ ಇಸ್ತ್ರಿ ಮಾಡಲು ಕೂತಳು. ಅವಳು ಈಚೆಗೆ ಈರುಳ್ಳಿಯನ್ನು ಅರ್ಧ ಮಾತ್ರ ಹೆಚ್ಚಿ, ಉಳಿದರ್ಧವನ್ನು ಮಾರನೆಯ ದಿನಕ್ಕೆಂದು ಬಟ್ಟಲು ಮುಚ್ಚಿಡುತ್ತಿದ್ದಳು. ಹೋದ ವರ್ಷ ಬೆಲೆ ಏರಿದಾಗ ಹಿಡಿದ ಅಭ್ಯಾಸ, ಬೆಲೆ ಇಳಿದ ಮೇಲೂ ಬಿಟ್ಟಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಬೋರಲು ಬಿದ್ದ ಆ ಬಟ್ಟಲನ್ನು ಕಂಡಾಗಲೆಲ್ಲ ಅವನಿಗೆ ರೇಗುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಖಾಯಮ್ಮು ಅಂತ ಒಂದಾದರೆ ಕವನನ್ನ ಒಳ್ಳೆ ಶಾಲೆಗೆ ಸೇರಿಸಬಹುದು, ಎಂದಷ್ಟೇ ಅವಳು ಬಾಗಿಲಲ್ಲಿ ಹೇಳಿದ್ದು. ಮಗಳಿಗೆ ನಾಲ್ಕು ತುಂಬಿತ್ತು. ನಿನ್ನೆ ಅಪ್ಪನ ಆಟೋ ಬಂತು ಎಂದು ಚಪ್ಪಾಳೆ ತಟ್ಟಿಕೊಂಡು ಬೀದಿಗೆ ಓಡಿದ್ದಳು. ಯಾವ ಅಪ್ಪನ ಆಟೋ, ಏಣಿಯದೋ ಕೊಡೆಯದೋ, ಅವಳಿಗೆ ಎರಡೂ ಒಂದೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾಲುವೆಯ ಎರಡೂ ಕಡೆ ನಾಟಿಯಾದ ಗದ್ದೆಗಳು, ಹಸಿರಿಗೆ ಇನ್ನೂ ಬಲ ಬಂದಿರಲಿಲ್ಲ. ನಾಟಿ ಎಂದರೆ ಅವನಿಗೆ ಅವ್ವನ ಬೆನ್ನು. ಮುದ್ದಮ್ಮನ ಮುಖ ನೆನಪಾಗುವ ಮೊದಲು ಬಗ್ಗಿದ ಬೆನ್ನು ನೆನಪಾಗುತ್ತದೆ, ಅದು ಅವನ ತಪ್ಪೋ ಗದ್ದೆಯ ತಪ್ಪೋ. ಅವನು ಮಿಡ್ಲ್ ಸ್ಕೂಲಿನಲ್ಲಿದ್ದ ವರ್ಷ ಎಣ್ಣೆ ಬೇಳೆ ಎಲ್ಲ ಒಂದೇ ಸಮ ಏರಿ, ಕೇರಿಯ ಹೆಂಗಸರು ನಾಟಿ ಕೂಲಿ ಜಾಸ್ತಿ ಮಾಡಿ ಎಂದು ಕೇಳಿದ್ದರು. ಗದ್ದೆಯವರೆಲ್ಲ ಪಟೇಲರ ಜಗಲಿಯಲ್ಲಿ ಕೂತು ಮಾತಾಡಿಕೊಂಡರು. ಆ ಸಂಜೆ ಅಪ್ಪ ನಿಂಗರಾಜು ತಮಟೆ ಕಾಯಿಸಿಕೊಂಡು ಕೇರಿಗೆ ಬಂದ. ಊರಿನ ಮಾತನ್ನು ಸಾರುವುದು ಅವರ ಮನೆಯ ಚಾಕರಿ, ಅಪ್ಪನಿಗೆ ಅವರಪ್ಪನಿಂದ ಬಂದದ್ದು. ‘ಕೇಳ್ರಪ್ಪೋ ಕೇಳ್ರಿ! ಪಟೇಲ್ರು ಏಳವ್ರೆ! ನಾಟಿ ಕೂಲಿ ಹಳೇ ಕೂಲಿನೇಯ! ಜಾಸ್ತಿ ಕೇಳ್ದೋರಿಗೆ ಕೆಲ್ಸ ಇಲ್ಲ!’ ಮೂರು ಏಟು, ಮತ್ತೆ ಅದೇ ಮಾತು. ಯಾರ ಮನೆಯ ಮುಂದೂ ಬಿಡುವ ಹಾಗಿಲ್ಲ, ಅದು ರೂಢಿ. ಅಪ್ಪ ತನ್ನ ಮನೆಯ ಮುಂದೂ ನಿಂತು ಸಾರಿದ. ಅವ್ವ ಗದ್ದೆಯ ಕೆಸರು ಇನ್ನೂ ಒಣಗದ ಕಾಲಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು. ‘ಬಯ್ಬ್ಯಾಡ ಕಣಮ್ಮಿ, ಪಟೇಲ್ರ ಮಾತು ಅದು, ನಂದಲ್ಲ’ ಎಂದ ಅಪ್ಪ. ‘ಮಾತು ಪಟೇಲ್ರುದು, ಸರಿ. ಬಾಯಿ ಯಾರ್ದು?’ ಎಂದಳು ಅವ್ವ.

ಅಪ್ಪ ಪಕ್ಕದ ಮನೆಯ ಮುಂದೆ ಹೋಗಿ ಮತ್ತೆ ಮೂರು ಏಟು ಹಾಕಿದ. ತಮಟೆಯನ್ನು ಅವನು ಅಂದೇ ಎಸೆದುಬಿಟ್ಟ ಎಂದು ಯಾರಾದರೂ ಹೇಳಿದ್ದರೆ ನಟರಾಜನಿಗೆ ಹೆಮ್ಮೆಯಾಗುತ್ತಿತ್ತು. ಹಾಗಾಗಲಿಲ್ಲ. ಮಾರನೆಯ ದಿನವೂ ಸಾರಿದ, ಮಾರನೆಯ ವರ್ಷವೂ ಸಾರಿದ. ಹುಡುಗರು ಸಂಘ ಕಟ್ಟಿ, ಕೇರಿಯೆಲ್ಲ ಸೇರಿ ತಮಟೆ ಬಡಿಯುವುದಿಲ್ಲ ಎಂದು ತೀರ್ಮಾನ ಮಾಡಿದಾಗ ಎಲ್ಲರ ಜೊತೆ ಅವನೂ ಬಿಟ್ಟ. ಬಿಟ್ಟ ಮೇಲೆ ಸಂಜೆ ಹೊತ್ತು ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಬೆರಳಾಡಿಸುತ್ತಿದ್ದ. ಹೋದ ಭಾನುವಾರ ಊರಿಗೆ ಹೋದಾಗ, ಮಗನ ಕ್ಯಾಸೆಟ್ಟನ್ನು ಕೇಳಿದ್ದ ಅಪ್ಪ ನಿಜವಾದ ಕುತೂಹಲದಿಂದ ಕೇಳಿದ್ದ: ‘ಅಲ್ಲ ಕಣ್ಲಾ, ನಾನಾದ್ರೆ ಪಟೇಲ್ರು ಏಳವ್ರೆ ಅಂತ ಮೊದ್ಲೇ ಅಂದ್ಬುಡ್ತಿದ್ದೆ. ನೀನು ಯಾರು ಏಳವ್ರೆ ಅಂತ್ಲೇ ಏಳಾಕಿಲ್ವಲ್ಲ? ಕೇಳೋರಿಗೆ ಎಂಗೆ ಗೊತ್ತಾಯ್ತದೆ?’ ನಟರಾಜ ನಕ್ಕು, ಈಗಿನ ಕಾಲದ ಪ್ರಚಾರವೇ ಬೇರೆ ಎಂದೇನೋ ಹೇಳಿ ಜಾರಿಕೊಂಡಿದ್ದ. ಅವ್ವ ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದಳು. ಅವಳು ಆ ಹಳೆಯ ಪ್ರಶ್ನೆಯನ್ನು ಅವನಿಗೆ ಕೇಳಲಿಲ್ಲ. ಕೇಳದೇ ಇದ್ದದ್ದು ಕರುಣೆಯೋ, ಕೈಬಿಟ್ಟದ್ದೋ ಎಂದು ಅವನು ಬಸ್ಸು ಚಿಕ್ಕಯ್ಯನಛತ್ರ ದಾಟುವವರೆಗೂ ಯೋಚಿಸಿದ.

ಮಿಲ್ಲಿನ ಅಂಗಳದಲ್ಲಿ ಹೊಟ್ಟಿನ ಧೂಳು ಇಸ್ತ್ರಿ ಮಾಡಿದ ಶರ್ಟಿನ ಮೇಲೆ ಕೂತಿತು. ಆಫೀಸಿನ ಕೋಣೆಯ ಎಡಕ್ಕೆ ಗೋಡೌನು, ಅದರ ಬಾಗಿಲು ಹಾರುಹೊಡೆದಿತ್ತು. ಒಳಗೆ ಅಕ್ಕಿಮೂಟೆಗಳು ಸೂರಿನ ಶೀಟು ಮುಟ್ಟುವಂತೆ ಪೇರಿಸಿದ್ದವು. ಹಮಾಲರು ಇನ್ನೂ ಪೇರಿಸುತ್ತಲೇ ಇದ್ದರು. ಬಸವಪ್ರಸಾದ್ ಫೋನಿನಲ್ಲಿದ್ದರು. ಕೂರಿ ಎಂದು ಕೈಸನ್ನೆ ಮಾಡಿದರು. ಕೂರಬೇಕೋ, ಅವರ ಮಾತು ಮುಗಿಯುವವರೆಗೆ ನಿಂತಿರಬೇಕೋ ಎಂದು ತಿಳಿಯದೆ ನಟರಾಜ ಕುರ್ಚಿಯ ಬೆನ್ನನ್ನು ಹಿಡಿದು ನಿಂತ. ‘ಈಗ್ಲೇ ಒಂದು ಮೂಟೇನೂ ಬಿಡ್ಬೇಡಿ. ಎಣಿಕೆ ಮುಗೀಲಿ. ಈಗ ಎಲ್ಲಾರೂ ರೇಟು ಅದುಮಿಟ್ಟವ್ರೆ, ಎಲೆಕ್ಷನ್ ಮುಗಿದ್ ಮಾರನೇ ದಿನ ತಾನಾಗೇ ಏಳ್ತದೆ’ ಎನ್ನುತ್ತಿದ್ದರು ಅವರು. ದನಿ ತಗ್ಗಿಸಲಿಲ್ಲ. ಬಂದವನು ಕೇಳಿಸಿಕೊಂಡಾನು ಎಂಬ ಯೋಚನೆ ಅವರಿಗೆ ಬಂದೇ ಇರಲಿಲ್ಲ. ಫೋನಿಟ್ಟು ಮುಖವರಳಿಸಿ, ‘ಬನ್ನಿ ಮೇಷ್ಟ್ರೇ, ನಿಂತೇ ಇದ್ದೀರಲ್ಲ!’ ಎಂದರು. ಕಾಫಿ ಬಂತು. ಅವರಿಗೆ ಸ್ಟೀಲ್ ಲೋಟದಲ್ಲಿ, ಅವನಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ. ಬಂದವರಿಗೆಲ್ಲ ಪ್ಲಾಸ್ಟಿಕ್ಕೇ ಇರಬಹುದು, ಎಲೆಕ್ಷನ್ ಕಾಲ, ಎಷ್ಟು ಲೋಟ ತೊಳೆಯುವುದು? ಇರಬಹುದು. ಅವನು ಗೋಡೆಯ ಪಕ್ಕದ ಕಸದ ಬುಟ್ಟಿಯಲ್ಲಿ ಬೇರೆ ಕಪ್ಪುಗಳಿವೆಯೇ ಎಂದು ಕಣ್ಣಲ್ಲೇ ಹುಡುಕಿದ. ಬುಟ್ಟಿ ಖಾಲಿಯಿತ್ತು. ಹೀಗೆ ಹುಡುಕುತ್ತಿರುವ ತನ್ನ ಮೇಲೆಯೇ ಅವನಿಗೆ ಸಿಟ್ಟು ಬಂತು.

‘ನಿಮ್ಮ ದನಿ ಇದೆಯಲ್ಲ ಮೇಷ್ಟ್ರೇ, ಅದು ದೇವರು ಕೊಟ್ಟಿದ್ದು’ ಎಂದರು ಬಸವಪ್ರಸಾದ್. ಮೆಚ್ಚುಗೆ ನಿಜವಾದದ್ದೇ. ‘ಆದ್ರೆ ಕ್ಯಾಸೆಟ್ಟಲ್ಲಿ ಅದು ಎಲ್ಲಾರ್ದೂ ಆಗೋಯ್ತು. ಏಣಿಗೂ ನೀವೇ, ಕೊಡೆಗೂ ನೀವೇ. ಬೆಳಗ್ಗೆ ಬಸ್ ಸ್ಟ್ಯಾಂಡಲ್ಲಿ ನಡೆದಿದ್ದು ಆಗ್ಲೇ ನಂಗೆ ಫೋನ್ ಬಂತು. ನಾನು ಬೇಜಾರು ಮಾಡ್ಕೊಳಲ್ಲ ಕಣ್ರೀ, ಹೊಟ್ಟೆಪಾಡು. ಆದ್ರೆ ಇನ್ಮೇಲೆ ಬರೀ ದನಿಯಾಗಿ ಬರೋದು ಬೇಡ. ನೀವೇ ಬನ್ನಿ. ಇವತ್ತು ಮಧ್ಯಾಹ್ನ ಜೀಪು ನಿಮ್ಮೂರಿಗೆ ಹೋಗ್ತದೆ. ನಿಮ್ಮ ಕೇರೀಲಿ ನಿಂತ್ಕೊಂಡು, ನಾನು ನಿಂಗರಾಜು ಮಗ ಹೇಳ್ತಿದ್ದೀನಿ ಅನ್ನಿ. ಏಣಿ ಗೆದ್ರೆ ಅಕ್ಕಿ ರೇಟು ಒಂದು ಪೈಸೆ ಏರಲ್ಲ ಅನ್ನಿ. ಅಷ್ಟೇ. ನಾವು ಹತ್ತು ಜನ ಹೇಳೋದೂ ಒಂದೇ, ನಿಮ್ಮಂತ ಓದಿದ ಹುಡುಗ ಒಂದ್ಸಲ ಹೇಳೋದೂ ಒಂದೇ.’ ಸ್ವಲ್ಪ ತಡೆದು, ‘ನಮ್ಮ ಕಾಲೇಜಲ್ಲಿ ಆ ಕನ್ನಡದ ಪೋಸ್ಟು ಹಾಗೇ ಇದೆ. ನಮ್ಮ ಕ್ಯಾಂಡಿಡೇಟು ಗೆದ್ರೆ ಸರ್ಕಾರದ ಮಂಜೂರಾತಿ ತರೋದು ಒಂದು ತಿಂಗಳ ಕೆಲಸ. ಕಮಿಟೀಲಿ ನಿಮ್ಮ ಹೆಸರು ಆಗ್ಲೇ ಹೇಳಿದ್ದೀನಿ’ ಎಂದರು. ನಟರಾಜ, ‘ಅಕ್ಕಿ ರೇಟು…’ ಎಂದು ಶುರು ಮಾಡಿ ಗೋಡೌನಿನ ಕಡೆ ನೋಡಿದ. ಅವರೂ ನೋಡಿ ನಕ್ಕರು. ‘ಅದು ವ್ಯಾಪಾರ ಮೇಷ್ಟ್ರೇ. ಬ್ಯಾಂಕ್ ಬಡ್ಡಿ, ಕರೆಂಟ್ ಬಿಲ್ಲು, ನಾನೂ ಬದುಕ್ಬೇಕಲ್ವಾ? ಅದೇ ಬೇರೆ, ಭಾಷಣವೇ ಬೇರೆ.’ ಅವರು ಕೆಟ್ಟವರಂತೆ ಕಾಣಲಿಲ್ಲ. ಎರಡು ಬೇರೆ ಬೇರೆ ಕೋಣೆಗಳಲ್ಲಿ ನೆಮ್ಮದಿಯಾಗಿ ಬದುಕಬಲ್ಲವರಂತೆ ಕಂಡರು. ತಾನೂ ಈ ತಿಂಗಳೆಲ್ಲ ಮಾಡಿದ್ದು ಅದನ್ನೇ ಅಲ್ಲವೇ?

ಆಗಲಿ ಸಾರ್, ಎಂದ. ಹೇಳಿದ ಮೇಲೆ ಹಗುರವೇ ಆಯಿತು. ಜೀಪಿನ ಹಿಂದಿನ ಸೀಟಿನಲ್ಲಿ ಬ್ಯಾಟರಿ ಮತ್ತು ಆಂಪ್ಲಿಫೈಯರಿನ ಜೊತೆ ಕೂತು, ನಂಜನಗೂಡು ಹಿಂದಾಗುತ್ತಿದ್ದಂತೆ ಅವನು ಮನಸ್ಸಿನಲ್ಲೇ ಎಲ್ಲ ಇತ್ಯರ್ಥ ಮಾಡಿಕೊಂಡ. ಒಂದು ವಾಕ್ಯ. ಇಷ್ಟು ದೊಡ್ಡ ದೇಶದಲ್ಲಿ ಈ ತಿಂಗಳು ಎಷ್ಟು ಕೋಟಿ ಸುಳ್ಳು ಹಾರ್ನುಗಳಿಂದ ಬಂದಿರಬೇಕು, ಅದಕ್ಕೆ ತನ್ನದೊಂದು ಸೇರಿದರೆ ಯಾರಿಗೆ ಏನಾಯಿತು? ತನಗೆ ಮೂವತ್ತೊಂದು ತುಂಬಿತು. ಇನ್ನು ಎರಡು ಜೂನ್ ಕಳೆದರೆ ಸರ್ಕಾರಿ ಕೆಲಸದ ವಯಸ್ಸಿನ ಬಾಗಿಲೂ ಮುಚ್ಚಿದ ಹಾಗೇ. ಕೇರಿಯವರು ಯಾರ ಮಾತು ಕೇಳಿಯಾದರೂ ಓಟು ಹಾಕುತ್ತಾರೇನು, ಅವರಿಗೆ ಅವರ ಲೆಕ್ಕವಿದೆ. ಹೀಗೆಲ್ಲ ಹೇಳಿಕೊಳ್ಳುತ್ತಿದ್ದಾಗ ಅವನಿಗೆ ತಟ್ಟನೆ ತಿಳಿಯಿತು, ತಾನು ಯಾರಿಗೋ ಉತ್ತರ ಕೊಡುತ್ತಿದ್ದೇನೆ. ಯಾರೂ ಏನನ್ನೂ ಕೇಳಿರಲಿಲ್ಲ. ಮುಂದಿನ ಸೀಟಿನಲ್ಲಿ ಬಸವಪ್ರಸಾದ್ ತೂಕಡಿಸುತ್ತಿದ್ದರು, ಡ್ರೈವರು ಹಳ್ಳ ತಪ್ಪಿಸುವುದರಲ್ಲಿದ್ದ. ಪುಷ್ಪಲತಾಗೆ ಸಂಜೆ ಏನೆಂದು ಹೇಳುವುದು ಎಂದು ಯೋಚಿಸಿದ. ಕೆಲಸ ಆಯಿತು, ಇನ್ನು ಮೇಲೆ ಈರುಳ್ಳಿ ಇಡೀ ಹೆಚ್ಚು, ಎನ್ನಬೇಕು. ಆ ಮಾತು ಅವನಿಗೆ ಬಹಳ ಇಷ್ಟವಾಯಿತು. ಎರಡು ಮೂರು ಸಲ ಮನಸ್ಸಿನಲ್ಲಿ ಆಡಿ ನೋಡಿದ.

ಜೀಪು ಅವನ ಊರು ಚಿಕ್ಕಮಾದನಹುಂಡಿಯ ಮೇಲಿನ ಬೀದಿ ದಾಟಿ ಕೇರಿಗೆ ಬಂದು, ಸಮುದಾಯ ಭವನದ ಗೋಡೆಯ ಎದುರು ನಿಂತಿತು. ಮೂರು ಗಂಟೆಯ ಬಿಸಿಲು. ಗಂಡಸರು ಬಹಳ ಜನ ಇರಲಿಲ್ಲ. ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ಹೆಂಗಸರು, ಜಗಲಿಯ ಮುದುಕರು, ಕೋಳಿಗಳು. ಅಪ್ಪ ಬೇವಿನ ಮರದ ಕೆಳಗಿಂದ ಎದ್ದು, ಬಸವಪ್ರಸಾದರನ್ನು ಕಂಡು ಅಭ್ಯಾಸದಂತೆ ಟವೆಲನ್ನು ಹೆಗಲಿಂದ ಕೈಗೆ ತೆಗೆದುಕೊಂಡ. ಅವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ಸೊಸೈಟಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಮಗನನ್ನು ನೋಡಿದಳು, ಜೀಪನ್ನು ನೋಡಿದಳು, ಮತ್ತೆ ಕಲ್ಲು ಆರಿಸತೊಡಗಿದಳು. ಡ್ರೈವರು ಮೈಕನ್ನು ಕೈಗೆ ಕೊಟ್ಟ. ಹಿಡಿ ಬೆಚ್ಚಗಿತ್ತು, ಅದಕ್ಕೆ ಯಾರದೋ ಎಲೆ ಅಡಿಕೆಯ ವಾಸನೆ ಹತ್ತಿತ್ತು. ‘ನಾನು ನಿಂಗರಾಜು ಮಗ, ನಟರಾಜ’ ಎಂದ. ಅಷ್ಟು ಅಂದು ಉಸಿರು ತೆಗೆದುಕೊಳ್ಳುವುದರೊಳಗೆ ಆ ಮಾತು ಭವನದ ಗೋಡೆಗೆ ತಾಗಿ ತಿರುಗಿ ಬಂತು. ನಿಂಗರಾಜು ಮಗ. ಚಾಮಯ್ಯನ ರಗ್ಗುಗಳ ಕೋಣೆಯಲ್ಲಿ ಮಾತು ಹೀಗೆ ತಿರುಗಿ ಬರುತ್ತಿರಲಿಲ್ಲ, ರಗ್ಗುಗಳು ಕುಡಿದುಬಿಡುತ್ತಿದ್ದವು. ಎಲ್ಲರೂ ಅವನ ಮುಖ ನೋಡುತ್ತಿದ್ದರು. ಮುಂದಿನ ವಾಕ್ಯ ಗಂಟಲಲ್ಲಿ ಸಿದ್ಧವಾಗಿತ್ತು, ಆದರೆ ಅದು ಬರುವ ಮೊದಲು ಬೇರೊಂದು ಬಂದುಬಿಟ್ಟಿತು, ಅವನು ಎಂದೂ ಅಭ್ಯಾಸ ಮಾಡದಿದ್ದದ್ದು, ಮರೆತೆ ಎಂದುಕೊಂಡದ್ದು.

‘ಕೇಳ್ರಪ್ಪೋ ಕೇಳ್ರಿ! ನಂಜನಗೂಡಿನ ರೈಸ್ ಮಿಲ್ ಬಸವಪ್ರಸಾದ್ ಅವರು ಏಳವ್ರೆ! ಏಣಿ ಗೆದ್ರೆ ಅಕ್ಕಿ ರೇಟು ಒಂದು ಪೈಸೆ ಏರಾಕಿಲ್ಲ!’

ಮೊದಲು ನಕ್ಕವಳು ಹಲ್ಲಿಲ್ಲದ ಮರಿತಾಯಮ್ಮ. ‘ಅಕ್ಕಿ ಮಿಲ್ನೋರು ಏಳವ್ರಾ? ಅಕ್ಕಿ ಮಾರೋರೇ ರೇಟು ಏರಾಕಿಲ್ಲ ಅಂದ್ಮೇಲೆ ಇನ್ನೇನು!’ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಬಾಗಿಲಿಂದ ಬಾಗಿಲಿಗೆ ಹಬ್ಬಿತು. ಬಸವಪ್ರಸಾದ್ ತಮ್ಮ ಹೆಸರು ಕೇಳಿ ಎಚ್ಚತ್ತವರಂತೆ ತಿರುಗಿ, ಜನ ನಗುತ್ತಿರುವುದನ್ನು ಕಂಡು, ಸಂತೋಷದಿಂದಲೇ ನಗುತ್ತಿದ್ದಾರೆ ಎಂದು ತಿಳಿದು ಕೈಮುಗಿದರು. ಅಪ್ಪನ ಮುಖ ನಟರಾಜ ಎಂದೂ ನೋಡದಷ್ಟು ಅಗಲವಾಗಿತ್ತು. ಅವನ ಬೆರಳುಗಳು ಟವೆಲಿನ ಮೇಲೆ ಮೂರು ಏಟು ಹಾಕಿದವು. ಇಲ್ಲಿಗೆ ನಿಲ್ಲಿಸಬಹುದಿತ್ತು. ಹೇಳು ಅಂದದ್ದನ್ನು ಹೇಳಿಯಾಯಿತು, ಒಂದಕ್ಷರ ಬಿಟ್ಟಿಲ್ಲ. ಯಾರ ಮಾತೆಂದೂ ಹೇಳಿಯಾಯಿತು. ಕೆಲಸವೂ ಉಳಿಯಿತು, ಮಾನವೂ ಉಳಿಯಿತು. ಅಪ್ಪ ಇಷ್ಟು ವರ್ಷ ನಿಂತಿದ್ದ ಜಾಗ ಇದೇ ಎಂದು ನಟರಾಜನಿಗೆ ಆಗ ತಿಳಿಯಿತು. ತುಂಬ ನೆರಳಿರುವ ಜಾಗ ಅದು, ಬಿಟ್ಟು ಬರುವುದು ಸುಲಭವಲ್ಲ. ಅವನಿಗೆ ಅಪ್ಪನ ಮೇಲೆ ಪ್ರೀತಿ ಉಕ್ಕಿತು. ಅವ್ವ ನಕ್ಕಿರಲಿಲ್ಲ. ಮೊರ ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು, ಹೊಸ್ತಿಲ ಮೇಲೆ ಕೆಸರುಗಾಲಲ್ಲಿ ನಿಂತು ಅಪ್ಪನನ್ನು ನೋಡಿದ ಹಾಗೆ. ಈ ಸಲ ಅವಳು ಕೇಳುವವರೆಗೆ ಕಾಯಬಾರದು ಎನ್ನಿಸಿತು.

‘ಅದು ಅವರ ಮಾತು’ ಎಂದ ನಟರಾಜ ಮೈಕಿನಲ್ಲಿ. ದನಿ ಕ್ಯಾಸೆಟ್ಟಿನದರಷ್ಟು ಗಂಭೀರವಾಗಿರಲಿಲ್ಲ. ‘ಬಾಯಿ ನಂದು. ನನ್ನ ಮಾತು ಬೇರೆ ಇದೆ, ಅದನ್ನೂ ಕೇಳಿ. ಇವತ್ತು ಬೆಳಗ್ಗೆ ಅವರ ಮಿಲ್ಲಿಗೆ ನಾನೇ ಹೋಗಿದ್ದೆ. ಗೋಡೌನಲ್ಲಿ ಅಕ್ಕಿ ಸೂರು ಮುಟ್ಟೋವಷ್ಟು ಅದೆ. ಎಲೆಕ್ಷನ್ ಮುಗೀಲಿ ಅಂತ ಇಟ್ಕೊಂಡವ್ರೆ. ಮುಗಿದ ಮೇಲೆ ರೇಟು…’

ಟಕ್ ಎಂದು ಡ್ರೈವರು ಆಂಪ್ಲಿಫೈಯರ್ ಆರಿಸಿದ. ನಟರಾಜ ಮೈಕನ್ನು ಸೀಟಿನ ಮೇಲಿಟ್ಟು ಜೀಪಿನಿಂದ ಇಳಿದ. ಅಪ್ಪನಿಗೆ ಎಂದೂ ಮೈಕಿರಲಿಲ್ಲ. ನಟರಾಜ ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿ ಹೇಳಿದ: ‘ಮುಗಿದ ಮೇಲೆ ರೇಟು ಏಳ್ತದೆ! ಅಕ್ಕಿ ತಕ್ಕೊಳೋರು ಈಗ್ಲೇ ತಕ್ಕೊಳಿ! ಏಣಿಗಾದ್ರೂ ಹಾಕಿ, ಕೊಡೆಗಾದ್ರೂ ಹಾಕಿ, ಓಟು ನಿಮ್ದು. ನಾನು ಎಲ್ಡು ಕಡೆಗೂ ಕ್ಯಾಸೆಟ್ಟು ಮಾಡಿದ್ದೀನಿ, ಅದೂ ನಿಜ. ಅವ್ಯಾವೂ ನನ್ನ ಮಾತಲ್ಲ. ಇದು ನನ್ನ ಮಾತು!’ ಕೇರಿಯ ಕೊನೆಯ ಮನೆಯವರೆಗೂ ಕೇಳಿಸಿತು. ಗಂಟಲು ಹರಿದಂತೆ ಉರಿಯಿತು.

ಬಸವಪ್ರಸಾದ್ ಕೂಗಾಡಲಿಲ್ಲ. ಅವರು ಅಂಥವರಲ್ಲ. ಜೀಪಿನಿಂದಲೇ ಬಗ್ಗಿ, ನಿಜವಾದ ಸಂಕಟದಿಂದ ಎಂಬಂತೆ, ‘ಏನು ಮಾಡ್ಕೊಂಡ್ರಿ ಮೇಷ್ಟ್ರೇ? ಇಪ್ಪತ್ತೇಳು ವರ್ಷದ ಸರ್ವಿಸು ಕಣ್ರೀ ಅದು. ರಿಟೈರ್ ಆಗೋ ತನಕ’ ಎಂದರು. ‘ಗೊತ್ತು ಸಾರ್’ ಎಂದ ನಟರಾಜ. ನಿಜವಾಗಿಯೂ ಗೊತ್ತಿತ್ತು. ಆ ವರ್ಷಗಳೆಲ್ಲ ಒಂದೊಂದಾಗಿ ಜೀಪು ಹತ್ತಿ ಹೋಗುತ್ತಿರುವುದು ಅವನಿಗೆ ಕಾಣುತ್ತಿತ್ತು, ಕವನಳ ಶಾಲೆ, ಪುಷ್ಪಲತಾಳ ಇಡೀ ಈರುಳ್ಳಿ. ಆದರೂ ಬೇರೇನು ಹೇಳಬಹುದಿತ್ತೆಂದು ಹುಡುಕಿದರೆ ಏನೂ ಸಿಗಲಿಲ್ಲ. ಜೀಪು ತಿರುಗಿಸಿಕೊಂಡು ಹೋಯಿತು.

‘ಕೆಲ್ಸ ಓಯ್ತಲ್ಲೋ ಮಗ’ ಎಂದ ಅಪ್ಪ ಹತ್ತಿರ ಬಂದು. ಅವನ ಮುಖದ ನಗು ಪೂರ್ತಿ ಇಳಿದಿರಲಿಲ್ಲ, ಹೆದರಿಕೆ ಪೂರ್ತಿ ಬಂದಿರಲಿಲ್ಲ. ‘ಅಷ್ಟಕ್ಕೇ ನಿಲ್ಸಿದ್ರೆ ಆಗ್ತಿರ್ನಿಲ್ವಾ? ಚೆನ್ನಾಗೇ ಸಾರಿದ್ದಲ್ಲ.’ ನಟರಾಜ ಉತ್ತರಿಸುವ ಮೊದಲು ಅವ್ವ ಚೆಂಬಿನಲ್ಲಿ ನೀರು ತಂದು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ನಿಂತಿದ್ದು, ‘ನಾಳಿಕ್ಕೆ ಕಾಲೇಜು ಅದಾ?’ ಎಂದಳು. ‘ಅದೆ ಅವ್ವ. ಮೊದಲ್ನೇ ಪೀರಿಯಡ್ಡು ನಂದೇ.’ ‘ಅಂಗಾರೆ ಓಗು’ ಎಂದು ಚೆಂಬು ತೆಗೆದುಕೊಂಡು ಒಳಗೆ ಹೋದಳು. ಅಷ್ಟೇ. ಅವನಿಗೆ ಇನ್ನೊಂದು ಮಾತು ಬೇಕಾಗಿತ್ತು. ಬೆನ್ನು ತಟ್ಟಲಿ ಎಂದಲ್ಲ, ಬೈದರೂ ಸಾಕಾಗಿತ್ತು. ಚಪ್ಪಲಿ ಮೆಟ್ಟಿಕೊಂಡು, ನರಸೀಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳಿದ. ನಾಳೆ ಮಧುಶ್ರೀಯ ಎದುರು ನಿಂತು ಮೊದಲು ಕ್ಯಾಸೆಟ್ಟಿನ ವಿಷಯ ಹೇಳಿ, ಆಮೇಲೆ ಪಾಠ ಶುರು ಮಾಡಬೇಕು. ಆಟೋಗಳು ಪ್ರಚಾರ ಮುಗಿಯುವವರೆಗೂ ತಿರುಗುತ್ತವೆ, ಅದನ್ನು ತಡೆಯಲು ಆಗುವುದಿಲ್ಲ. ಆ ದನಿಯ ಪಕ್ಕದಲ್ಲೇ ಬದುಕಬೇಕು. ಜೂನಿನಲ್ಲಿ ಮತ್ತೆ ಅರ್ಜಿ ಹಾಕಬೇಕು, ಸಂಜೆ ಮನೆಪಾಠ ಹುಡುಕಬೇಕು. ಮಾಡುವುದು ಎಂದು ತನಗೆ ತಾನೇ ಹೇಳಿಕೊಂಡ.

ಹಿಂದಿನಿಂದ ಬಾಗಿಲು ಎಳೆದುಕೊಂಡ ಸದ್ದಾಯಿತು. ಅವ್ವ ಸೆರಗು ಬಿಗಿದು ಹೊರಗೆ ಬಂದಿದ್ದಳು, ಕಂಕುಳಲ್ಲಿ ಎರಡು ಖಾಲಿ ಚೀಲ. ಅವಳ ಹಿಂದೆ ಮರಿತಾಯಮ್ಮ. ಎದುರು ಮನೆಯಿಂದ ಇನ್ನಿಬ್ಬರು, ಭವನದ ಪಕ್ಕದಿಂದ ಮತ್ತೆ ಮೂವರು, ಎಲ್ಲರ ಕೈಯಲ್ಲೂ ಚೀಲ. ಸೆರಗಿನ ತುದಿಯ ಗಂಟು ಬಿಚ್ಚಿ ನೋಡಿಕೊಳ್ಳುತ್ತ, ಯಾವ ಅಂಗಡಿಗೆ ಹೋಗುವುದೆಂದು ಮಾತಾಡುತ್ತ ಅವರು ಬೀದಿಗಿಳಿದರು. ಅವನ ಮಾತನ್ನು ಕೇಳಿ ಹೊರಟಿದ್ದಾರೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ದಿನ ಇಡೀ ತಾಲೂಕು ಕೇಳಿದ ದನಿ ಅದು. ಅದನ್ನು ಕೇಳಿ ಯಾರೂ ಒಂದು ಹೆಜ್ಜೆ ಇಟ್ಟದ್ದನ್ನು ಅವನು ಕಂಡಿರಲಿಲ್ಲ. ಅವ್ವ ಅವನ ಮುಂದೆ ನಿಂತು ಒಂದು ಚೀಲವನ್ನು ಅವನ ಎದೆಗೆ ಒತ್ತಿದಳು.

‘ನಿನ್ ಮನೆಗೂ ತಕ್ಕೊ, ಬಾ. ನಿನ್ ಬಾಯಿ ನಂಬ್ಕಂಡು ಒಂಟಿವಿ. ಸುಳ್ಳಾಯ್ತೋ, ಎಲ್ಲಾರೂ ನಿನ್ ಮನೆಗೇ ಉಣ್ಣಕ್ಕೆ ಬತ್ತಿವಿ.’

ಹೆಂಗಸರು ನಕ್ಕರು. ಅವ್ವನೂ ನಕ್ಕಳು. ನಟರಾಜ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆದ.